ಬೆರಳ ಬಿಗಿ

ಅಸ್ಮರಾದ ಬೆಳಗಿನ ಚಳಿಗೆ ಸ್ಪ್ಯಾನರುಗಳೂ ಕೈ ಕಚ್ಚುತ್ತವೆ.
ತಗಡಿನ ಬಾಗಿಲೆತ್ತಿದರೆ ಒಳಗೆ ಅದೇ ಕಾರು:
ಐವತ್ತೇಳರ ಫಿಯಟ್, ಹಾಲುಬಣ್ಣ ಮಜ್ಜಿಗೆಯಾಗಿದೆ,
ಬಾನೆಟ್ಟು ಗೋಡೆಗೊರಗಿದೆ.

ನಿನ್ನೆ ತಲೆ ಎತ್ತಿದೆವು.
ಇಂಜಿನ್ನಿನದು. ನಮ್ಮದಲ್ಲ,
ನಾವು ಮೂರು ದಿನದಿಂದ ಬಗ್ಗಿಸಿಕೊಂಡೇ ಇದ್ದೇವೆ.
ಅದಕ್ಕೆ ‘ತೆಸ್ತಾ’ ಅನ್ನುತ್ತಾರೆ ಹಬ್ತೆಜ್ಗಿ.
ಇಟಲಿಯವರು ಬಿಟ್ಟುಹೋದ ಕಾರು, ಬಿಟ್ಟುಹೋದ ಮಾತು,
ಎರಡನ್ನೂ ನಾವಿನ್ನೂ ರಿಪೇರಿ ಮಾಡಿ ಓಡಿಸುತ್ತೇವೆ.

ಎರಡನೆಯ, ಮೂರನೆಯ ಸಿಲಿಂಡರಿನ ನಡುವೆ
ಗ್ಯಾಸ್ಕೆಟ್ ಸುಟ್ಟು, ಇಲಿ ಕೊರೆದಂಥ ಕಪ್ಪು ದಾರಿ.
“ಗ್ಯಾಸ್ಕೆಟ್ಟಿನ ತಪ್ಪಲ್ಲ, ಸೆನಾಯಿತ್. ಹಿಡಿದವರ ತಪ್ಪು.
ಸ್ಟಡ್ಡುಗಳು ಸೋತಿವೆ.”
ಹೊಸದರ ಪಕ್ಕ ಹಳೆಯದೊಂದನ್ನು ನಿಲ್ಲಿಸಿ ತೋರಿಸಿದರು:
ಹಳೆಯದೇ ಕೂದಲೆಳೆಯಷ್ಟು ಎತ್ತರ.
ಅರವತ್ತು ವರ್ಷ ಎಳೆಸಿಕೊಂಡರೆ
ಉಕ್ಕೂ ಉದ್ದವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಒಟ್ಟು ಹತ್ತು.
ಎರಡು ನಟ್ಟು ಒಂದರ ಮೇಲೊಂದು ಬಿಗಿ,
ಕೆಳಗಿನದಕ್ಕೆ ಸ್ಪ್ಯಾನರು ಹಾಕು, ಉಸಿರು ಹಿಡಿ, ತಿರುಗಿಸು.
ಒಂದು ಕಿರ್ರೆಂದಿತು. ಒಂದು ಬೈಯುತ್ತ ಬಂತು.
ನಾಲ್ಕನೆಯದು ಎಷ್ಟು ಸಲೀಸಾಗಿ ಬಂತೆಂದರೆ
ಇಷ್ಟು ದಿನ ಏನು ಹಿಡಿದಿತ್ತೋ ದೇವರೇ ಬಲ್ಲ.
ಏಳನೆಯದು ಬರಲಿಲ್ಲ.

ಎಣ್ಣೆ ಕುಡಿಸಿದೆವು, ರಾತ್ರಿಯೆಲ್ಲ ಬಿಟ್ಟೆವು,
ಸುತ್ತಿಗೆಯಿಂದ ಮೆಲ್ಲಗೆ ಮಾತಾಡಿಸಿದೆವು.
ಇವತ್ತು ಜ್ವಾಲೆ ಹಿಡಿದರು, ಸುತ್ತಲ ಕಬ್ಬಿಣ ಮೋಡಗಪ್ಪಾಗುವ ತನಕ.
ಆಮೇಲೆ ಜೇಬಿನಿಂದ ತ್ವಾಫಿನ ತುಂಡು ತೆಗೆದರು,
ಚರ್ಚಿನಲ್ಲಿ ಹಚ್ಚಿ, ಅರ್ಧಕ್ಕೆ ಆರಿಸಿ ತಂದ ಜೇನುಮೇಣದ ಬತ್ತಿ.
“ದೇವರದ್ದಲ್ಲವಾ?” ಅಂದೆ.
“ಅರ್ಧ ಅವನಿಗೆ ಕೊಟ್ಟಾಗಿದೆ.”
ಮೇಣ ಕರಗಿತು, ಕುದಿಯಿತು,
ಎಳೆ ಎಳೆಯ ಸಂದಿಗೆ ತಾನೇ ದಾರಿ ಹುಡುಕಿ ಇಳಿಯಿತು.
ಕಾಲು ಸುತ್ತು. ಹಿಂದಕ್ಕೆ. ಅರ್ಧ ಸುತ್ತು. ಹಿಂದಕ್ಕೆ.
ಬಂತು.

ಉಳಿದವುಗಳಂತಿರಲಿಲ್ಲ.
ಕಂಪನಿಯ ಗುರುತಿಲ್ಲ, ಎಳೆಗಳು ಸೊಟ್ಟ,
ಕೈಯಲ್ಲಿ ಕೊರೆದದ್ದು, ಅವಸರದಲ್ಲಿ.
ಹಬ್ತೆಜ್ಗಿ ಬಾಗಿಲ ಬೆಳಕಿಗೆ ಹೋಗಿ ನಿಂತರು.
“ಮುತ್ತಿಗೆಯ ಹಿಂದಿನ ವರ್ಷ,” ಅಂದರು, ನನಗಲ್ಲ.
“ಬಿಡಿಭಾಗ ಅಂದರೆ ತಿರುಪೆ ಎತ್ತಬೇಕಿತ್ತು.
ಕೆಟ್ಟು ನಿಂತ ಮಿಲಿಟರಿ ಲಾರಿಯ ಬೋಲ್ಟು. ಒಂದೇ ರಾತ್ರಿ.”
ಅಳತೆಗೋಲು ಹಿಡಿದು ನೋಡಿದೆ: ಚೂರೂ ಎಳೆದಿಲ್ಲ.
ಒಂಬತ್ತೂ ಸೋತಿವೆ, ಇದೊಂದು ನಿಂತಿದೆ!
“ಇದನ್ನೇ ಹಾಕೋಣ,” ಅಂದೆ, ಅವರಿಗಿಂತ ನನಗೇ ಹೆಮ್ಮೆ.

ಅವರು ಸುಟ್ಟ ಗ್ಯಾಸ್ಕೆಟ್ಟನ್ನು ಬ್ಲಾಕಿನ ಮೇಲೆ ಹರಡಿದರು.
ಕಪ್ಪು ದಾರಿಯ ಪಕ್ಕದ ತೂತು
ಏಳನೆಯದೇ.
ತುಂಬ ಹೊತ್ತು ನೋಡಿದರು.
“ಎಲ್ಲ ಎಳೆಯುವಾಗ ಒಂದೇ ಒಂದು ಎಳೆಯದಿದ್ದರೆ
ತಲೆ ಸಮ ಕೂರುವುದಿಲ್ಲ, ಮಗಳೇ.
ತಪ್ಪು ಸೋತದ್ದರಲ್ಲಿಲ್ಲ.”

ಮಧ್ಯಾಹ್ನ ಲೆತೆಬ್ರಹಾನ್ ಬಂದರು, ಕಾರಿನೊಡತಿ,
ಊರಿನ ಅರ್ಧ ಮಕ್ಕಳನ್ನು ಹಿಡಿದೆತ್ತಿದ ಸೂಲಗಿತ್ತಿ.
“ಯಾರ ತಪ್ಪು?” ಅಂದರು.
“ನನ್ನದು. ಮೂವತ್ತು ವರ್ಷ ಹಳೆಯದು.”
“ಹಾಗಾದರೆ ಬಿಲ್ಲಿನಲ್ಲಿ ಕಡಿತವುಂಟೋ?”
ನಗು ಗ್ಯಾರೇಜಿಗೆ ಬಂದದ್ದು ಆಗಲೇ, ಈ ವಾರಕ್ಕೆ ಮೊದಲು.

ಹೊಸ ಹತ್ತನ್ನು ನಾನೇ ಕೂರಿಸಿದೆ.
ತೂತು ತೊಳೆದು, ಒರೆಸಿ, ಊದಿ,
ಒಂದು ಹನಿ ಎಣ್ಣೆ ಉಳಿದರೂ ಬ್ಲಾಕು ಬಿರಿದೀತು ಎನ್ನುವರು ಅವರು.
ಕೊನೆಗೆ ಸ್ಪ್ಯಾನರು ಕೈಗೆತ್ತಿಕೊಂಡೆ, ಅವರು ಕಸಿದುಕೊಂಡರು.
“ಕೆಳಗೆ ಬೆರಳ ಬಿಗಿ ಸಾಕು.
ಎಳೆಯುವ ಕೆಲಸ ಮೇಲಿನ ನಟ್ಟಿನದು.”
ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಸುರುಳಿ ಸುರುಳಿಯಾಗಿ,
ಮೂರು ಸುತ್ತು ಬಿಗಿದೆವು.
ಪ್ರತಿ ಸಲ ಟಾರ್ಕ್ ವ್ರೆಂಚು ಟಕ್ಕೆಂದಾಗ
ಅವರ ತುಟಿ ಎಣಿಸುತ್ತಿತ್ತು.

ಹಳೆಯ ಒಂಬತ್ತು ಗುಜರಿಗೆ ಹೋದವು.
ಏಳನೆಯದನ್ನು ಅವರು ಎಲ್ಲಿಟ್ಟರೋ,
ನಾನು ಕೇಳಲಿಲ್ಲ.

ಸಂಜೆ ಇಂಜಿನ್ ಹಚ್ಚಿದೆವು.
ಕೆಮ್ಮಿತು, ಕ್ಯಾಕರಿಸಿತು, ಹಿಡಿಯಿತು.
ಎಲ್ಲಿಯೋ ಉಳಿದಿದ್ದ ಮೇಣ ಸುಟ್ಟು
ತೆಳ್ಳನೆ ಹೊಗೆ ಬೀದಿಗೆ ಹರಿಯಿತು.
ಎದುರಿನ ಅಂಗಡಿಯ ಮುದುಕಿ ತಕ್ಕಡಿ ಕೆಳಗಿಟ್ಟು
ಮೂಗರಳಿಸಿ, ಸುತ್ತ ನೋಡಿ,
ಶಿಲುಬೆಯ ಗುರುತು ಹಾಕಿಕೊಂಡಳು.