ತಲೆಯ ಮೇಲೆ ಕೈ

ಮಂಗಳವಾರ, ಮೂರೂಕಾಲು. ಭೂಗೋಳದ ಕೋಣೆ.
ಕಿಟಕಿ ಜಡಿದರೂ ಗ್ರಿಮ್ಸ್‌ಬಿಯ ಮೀನುವಾಸನೆ
ಹಾಜರಿ ಹೇಳದೆಯೇ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತದೆ.
ಒಂಬತ್ತು ಮಕ್ಕಳು, ಎರಡು ಪೊಟ್ಟಣ ಬಿಸ್ಕತ್ತು.
ಅರ್ಧ ಜನ ಬಂದದ್ದು ಬಿಸ್ಕತ್ತಿಗೆ;
ಅದು ನನಗೂ ಗೊತ್ತು, ಅವಕ್ಕೂ ಗೊತ್ತು.

ನಾಣ್ಯ ಚಿಮ್ಮುತ್ತೇನೆ. ತಲೆ ಬಿದ್ದರೆ ಪರ, ಬೀಳದಿದ್ದರೆ ವಿರೋಧ.
"ಆದರೆ ಮಿಸ್, ನನಗೆ ಹಾಗನ್ನಿಸುವುದೇ ಇಲ್ಲ," ವೊಯ್ಟೆಕ್‌ನ ತಕರಾರು.
ನಿನಗೇನನ್ನಿಸುತ್ತದೆಂದು ಕೇಳಿದವರಾರು ತಮ್ಮಾ?
ಇದೊಂದು ಅಂಗಿ. ಪಕ್ಕದ ಮನೆಯವನದು.
ನಾಲ್ಕು ನಿಮಿಷ ತೊಟ್ಟುಕೊಂಡು ನಿಲ್ಲು,
ಕಂಕುಳಲ್ಲಿ ಎಲ್ಲಿ ಬಿಗಿಯುತ್ತದೆ ನೋಡು.

ಬೋರ್ಡಿನ ಮೇಲೆ ಬರೆಯುತ್ತೇನೆ: ಹೇಳು. ಯಾಕೆಂದು ಹೇಳು.
ಒಂದು ಉದಾಹರಣೆ ಕೊಡು. ಆಮೇಲೆ, ಯಾರೂ ಮಾಡದ ಕೆಲಸ,
ಅದರಿಂದ ಯಾರಿಗೇನಾಯಿತು ಅಂತ ಹೇಳು.
ಇಡ್ರಿಸ್ ಮೊದಲನೆಯದನ್ನೇ ಮೂರು ಸಲ ಹೇಳಿ,
ದನಿ ಏರಿಸಿ, ಗೆದ್ದೆ ಅಂದುಕೊಂಡು ಕೂತ.
ಅವನ ಹಾಳೆ ಖಾಲಿ. ಎದುರಿನವರು ಆಡಿದ್ದರಲ್ಲಿ ಒಂದಕ್ಷರವೂ ಇಲ್ಲ.
ಬಾಯಿಗಿಂತ ಮೊದಲು ಪೆನ್ನು, ಕಣೋ.

ಇನ್ನು, ನಡುವೆ ಪ್ರಶ್ನೆ ಕೇಳುವ ಕ್ರಮ:
ಎದ್ದು ನಿಲ್ಲಬೇಕು, ಒಂದು ಕೈ ತಲೆಯ ಮೇಲೆ,
ಇನ್ನೊಂದು ಮುಂದಕ್ಕೆ ಚಾಚಿ.
ಹಳೇ ಕಾಲದವರು ವಿಗ್ಗು ಜಾರದಂತೆ ಹಿಡಿಯುತ್ತಿದ್ದರಂತೆ, ನಿಜವೋ ಸುಳ್ಳೋ.
ಮಕ್ಕಳು ಬಿದ್ದು ಬಿದ್ದು ನಕ್ಕವು.
ನಾನು ನಗಲಿಲ್ಲ.
ರಾಣೆಬೆನ್ನೂರಿನ ಅಡುಗೆಮನೆಯಲ್ಲಿ ನಾನೂ ಹೀಗೇ ನಿಲ್ಲುತ್ತಿದ್ದೆ,
ಮೊಟಕು ಬೀಳುವ ಮೊದಲೇ ನೆತ್ತಿ ಮುಚ್ಚಿಕೊಂಡು.
"ಎದುರು ಮಾತಾಡ್ತಿ? ಬಾಯಿ ಬಂತೇನ ನಿನಗ?"
ಬಂತು ಅವ್ವಾ. ಈಗ ಅದನ್ನೇ ಕಲಿಸುತ್ತೇನೆ,
ಸಂಬಳವಿಲ್ಲ, ಬಿಸ್ಕತ್ತು ನನ್ನದೇ ಖರ್ಚು.
ನಮ್ಮಲ್ಲಿ ತಲೆ ಮುಟ್ಟಿದರೆ ಆಣೆ, ಸುಳ್ಳಾಡುವಂತಿಲ್ಲ.
ಇಲ್ಲಿ ಅದೇ ಕೈ, ಅದೇ ನೆತ್ತಿ, ನಾಣ್ಯ ಕೊಟ್ಟ ಮಾತು.
ಭಸ್ಮಾಸುರನ ಕತೆ ಮಾತ್ರ ಹೇಳಲಿಲ್ಲ. ಹೆದರಿಯಾರು.

ಇಂದಿನ ವಿಷಯ: ಹತ್ತು ವರ್ಷ ಸಮುದ್ರಕ್ಕೆ ಬಲೆ ಇಳಿಸಬಾರದು.
ಟೆಗನ್‌ಗೆ ಬಿದ್ದದ್ದು ಪರ.
ಅವಳ ತಾಯಿ ಮೀನು ಸೀಳುವ ಸಾಲಿನಲ್ಲಿ ಹದಿನೇಳು ವರ್ಷದಿಂದ.
"ಮೊದಲು ಎದುರು ಪಕ್ಷದ್ದು ಹೇಳಿಬಿಡ್ತೀನಿ," ಅಂದಳು.
ನಾನೇ ಕಲಿಸಿದ್ದು, ಪೂರ್ವಪಕ್ಷ:
ಅವರು ತಾವೇ ಹೇಳುವುದಕ್ಕಿಂತ ಚೆನ್ನಾಗಿ ಹೇಳು, ಆಮೇಲೆ ಮುರಿ.
ಹೇಳಿದಳು. ಬೆಳಗಿನ ನಾಲ್ಕೂವರೆಯ ಬಸ್ಸು,
ಎರಡು ಜೊತೆ ಕೈಗವಸು, ಒಳಗಿನದು ಉಣ್ಣೆಯದು,
ಚಳಿಗೆ ಬಾಗಿ, ಭಾನುವಾರವೂ ನೆಟ್ಟಗಾಗದ ತೋರುಬೆರಳು.
ಯಾರೂ ಏಳಲಿಲ್ಲ. ಒಂದು ಕೈಯೂ ತಲೆಗೆ ಹೋಗಲಿಲ್ಲ.
ಮೂರು ನಿಮಿಷ, ಇಪ್ಪತ್ತು ಸೆಕೆಂಡು.
ಇನ್ನು ಮುರಿಯಬೇಕಿತ್ತು. ಬರೆದುಕೊಂಡೂ ಇದ್ದಳು, ಕೆಂಪಿನಲ್ಲಿ, ನಾಲ್ಕು ಅಂಶ,
ನನಗೆ ಕಾಣುತ್ತಿತ್ತು, ನಾಲ್ಕೂ ಸರಿಯಾಗಿದ್ದವು.
ಹಾಳೆ ಮಡಚಿದಳು. ನಿಂತೇ ಇದ್ದಳು.

ನನ್ನ ಕೈ ಅರ್ಧ ಎದ್ದಿತು ನೆತ್ತಿಯ ಕಡೆ.
ತೀರ್ಪು ಕೊಡುವವರು ಪ್ರಶ್ನೆ ಕೇಳುವಂತಿಲ್ಲ.
ಕೂದಲು ಸರಿಮಾಡಿಕೊಂಡೆ.
ನಾಲ್ಕನೆಯ ನಿಮಿಷಕ್ಕೆ ಮೇಜು ಕುಟ್ಟಿದೆ.

ನಿಯಮದಂತೆ ಟೆಗನ್ ಸೋತಳು. ಹಾಗೇ ಬರೆದೆ,
ಕಾರಣ ಸಹಿತ, ಎರಡು ಸಾಲು.
ಓದಿದಳು, ಹೌದೆಂದಳು,
ಕೊನೇ ಬಿಸ್ಕತ್ತು ಮುರಿದು ಇಡ್ರಿಸ್‌ಗೆ ದೊಡ್ಡ ತುಂಡು ಕೊಟ್ಟು ಕೇಳಿದಳು:
"ಮುಂದಿನ ವಾರ ನಾಣ್ಯ ನಾನು ಚಿಮ್ಮಲಾ, ಮಿಸ್?"