ಅರೆಗಳಿಗೆ

ಶಿವಾಜಿನಗರದ ಹವಾಮಾನ ಕಚೇರಿ, ಹಿಂಬದಿಯ ಉದ್ದ ಕೋಣೆ.
ಇಪ್ಪತ್ತೊಂಬತ್ತು ವರ್ಷ ನನ್ನ ಕೆಲಸ ಇಷ್ಟೇ:
ಹೊಸ ಥರ್ಮಾಮೀಟರನ್ನು ಹಳೆಯದರ ಪಕ್ಕ
ನೀರಲ್ಲಿ ಮುಳುಗಿಸುವುದು, ಭೂತಗಾಜು ಹಿಡಿದು ಓದುವುದು,
ಎಷ್ಟು ತಪ್ಪಿದೆಯೋ ಅಷ್ಟು ಬರೆದು ಕೆಳಗೆ
ಸಹಿ: ವಾ. ರಾ. ಹಂಪಿಹೊಳಿ.

ಹಳೆಯದನ್ನು ಯಾರು ತೂಗಿ ನೋಡಿದ್ದರು?
ಕೇಳಿರಲಿಲ್ಲ. ಗೋಡೆಯನ್ನು ಹಿಡಿದು
ನೀನ್ಯಾಕೆ ನೆಟ್ಟಗಿದ್ದಿ ಅಂತ ಯಾರು ಕೇಳುತ್ತಾರೆ?

ಆಮೇಲೆ ಆ ಗುರುವಾರ. ಭಾಷಣದ ಬಳಿಕ
ಸಾಬುದಾಣೆ ವಡೆ ಇದೆ ಎಂದು ಎಳೆದುಕೊಂಡು ಹೋದ ಪಾಟಸ್ಕರ್.
ವೇದಿಕೆಯಲ್ಲಿ ಕುಮುದಿನಿ ಗದ್ರೆ: ನೂಲಿನ ಸೀರೆ, ಒಣಕೆಮ್ಮು,
ವಿಜ್ಞಾನದ ಹಳೆಯ ಜಗಳಗಳ ಲೆಕ್ಕ ಬರೆಯುವವರು.
ಕಾಯಿಪಲ್ಯದ ದರ ಕೇಳುವ ದನಿಯಲ್ಲಿ ಕೇಳಿದರು:
ನೀರು ಕುದಿಯುವುದು ಒಂದೇ ಬಿಸಿಯಲ್ಲಿ,
ಹಾಗೆಂದು ಹೇಳಿದ್ದು ಥರ್ಮಾಮೀಟರು, ಸರಿ.
ಅದರ ನೂರನೆಯ ಗೆರೆ ಎಳೆದದ್ದು
ಕುದಿವ ನೀರಲ್ಲೇ ಅಲ್ಲವೆ?

ಯಾರೋ ನಕ್ಕರು. ನನಗೆ ವಡೆ ಇಳಿಯಲಿಲ್ಲ.

ಮರುದಿನ ನೀರು ಅದೇ, ಗಾಜು ಅದೇ.
ಸಹಿಯ ಮುಂಚೆ ಪೆನ್ನು ಅರೆಗಳಿಗೆ ನಿಂತಿತು.
ಆದದ್ದು ಅಷ್ಟೇ.
ಆ ಅರೆಗಳಿಗೆ ಮತ್ತೆ ಕದಲಲಿಲ್ಲ.
ಕಡತದಲ್ಲಿ ನನ್ನ ಹೆಸರಿನ ಮುಂದೆ 'ನಿಧಾನ' ಎಂದು ಬರೆದು
ಬಡ್ತಿಯನ್ನು ಸೋಲಾಪುರದವನಿಗೆ ಕೊಟ್ಟರು.

ಒಂದು ರಾತ್ರಿ, ಸದಾಶಿವಪೇಟೆಯ ಬಾಡಿಗೆ ಮನೆ.
ಮಗಳ ಹಣೆ ಮುಟ್ಟಿ ಗೋದಾ ಅಂದಳು, ಜ್ವರ.
ಕಚೇರಿಯಲ್ಲಿ ನಾನೇ ಮುಳುಗಿಸಿ ನೋಡಿದ ಕಡ್ಡಿ ಅಂದಿತು, ಇಲ್ಲ.
ಈ ಜಗಳವನ್ನು ಎಷ್ಟು ಸಲ ಗೆದ್ದಿದ್ದೆ!
ಅಂದು ಬಾಯಿ ಬಿಡಲಿಲ್ಲ. ಎಲ್ಲ ಕಡ್ಡಿಗಳ
ಮುತ್ತಜ್ಜಿ ಆ ಅಂಗೈಯೇ ಅಲ್ಲವೆ ಎಂದು
ಲುಂಗಿಯಲ್ಲೇ ಓಡಿ ಡಾಕ್ಟರನ್ನು ಎಬ್ಬಿಸಿದೆ.
ಬಂದರು, ಬೈದರು: ಏನೂ ಇಲ್ಲ, ದುಪ್ಪಟಿ ಜಾಸ್ತಿಯಾಯಿತು.

ಬೆಳಗಿನ ಐದಕ್ಕೆ ಜ್ವರ ಬಂತು.

ಯಾರು ಸರಿ ಎಂದು ಬರೆಯಲು
ನನ್ನ ಹತ್ತಿರ ನಮೂನೆ ಇರಲಿಲ್ಲ.

ಗದ್ರೆಬಾಯಿಯನ್ನು ಮತ್ತೆ ನೋಡಲಿಲ್ಲ. ಅವರ ಪುಸ್ತಕ
ಅಪ್ಪಾ ಬಳವಂತ ಚೌಕದಲ್ಲಿ ಅರ್ಧ ಬೆಲೆಗೆ ಸಿಕ್ಕಿತು;
ನಲವತ್ತನೆಯ ಪುಟಕ್ಕೆ ನಿಂತೆ. ಇಂಗ್ಲಿಷು ಗಟ್ಟಿ,
ಪುಟದ ತುದಿ ಮಡಚಿಟ್ಟಿದ್ದೇನೆ.
ಅವರಿಗೂ ಗೊತ್ತಿರಲಾರದು, ಕೊನೆಯ ಸಾಲಿನ ಕುರ್ಚಿಯಲ್ಲಿ
ಒಬ್ಬನ ಕೈ ತಡೆದು ಹೋದದ್ದು.

ಬೀಳ್ಕೊಡುಗೆಗೆ ಗೋಡೆ ಗಡಿಯಾರ ಕೊಟ್ಟರು.
ಪಾಟಸ್ಕರ್ ತನ್ನ ಕೈಗಡಿಯಾರ ನೋಡಿ
ಅದರ ಮುಳ್ಳು ತಿರುಗಿಸಿದ.
ನಾನು ಬಾಯಿ ತೆರೆದೆ.
ಗೊತ್ತು ಮಾರಾಯ, ಅಂದ. ಕೇಳಬೇಡ.