ಗಿರಣಿ ತೆಗೆದು ಹಡಗು

ದಾವಣಗೆರೆಗೆ ಸಮುದ್ರ ಇಲ್ಲ.
ಇರುವ ನೀರು ಭದ್ರಾ ನಾಲೆಯದು, ಅದೂ ಸರದಿಯ ಮೇಲೆ.
ಆದರೂ ಆವತ್ತು ಡಿಸಿ ಆಫೀಸಿನ ಮುಂದೆ
ಶಾಮಿಯಾನದ ದುಡ್ಡು ಉಳಿಸಿ ಬೇವಿನ ನೆರಳಿಗೆ
ಕೂತೆವು ನಾವು, ನಾಲ್ಕು ಮನೆಯವರು.
ಹಿಡಿದ ರಟ್ಟಿನ ಮೇಲೆ: ಹಡಗಿನ ಸಂಬಳ ಕೊಡಿಸಿ.

ಆಟೋದವನೊಬ್ಬ ನಿಲ್ಲಿಸಿ ಓದಿ, ಇನ್ನೊಮ್ಮೆ ಓದಿ,
"ಯಾವ ಹಡಗಕ್ಕಾ? ಕುಂದವಾಡ ಕೆರೇದಾ?" ಅಂದ.
ನಕ್ಕೆ. ನಗು ಬಂದು ಎಷ್ಟು ದಿನವಾಗಿತ್ತು.

ಹಡಗು ಇರುವುದು ನಾಲಗೆ ತಿರುಗದ ಯಾವುದೋ ರೇವಿನ ಆಚೆ,
ಲಂಗರು ಹಾಕಿ ಒಂಬತ್ತು ತಿಂಗಳು.
ಮಾಲೀಕ ಫೋನೆತ್ತುವುದಿಲ್ಲ. ಏಜೆಂಟನ ಆಫೀಸಿಗೆ ಬೀಗ.
ಇಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವ ನನ್ನ ತಮ್ಮ ಹಾಲೇಶಿ
ತಾಡಪಾಲಿನಲ್ಲಿ ಮಳೆನೀರು ಹಿಡಿದು ಕುಡಿಯುತ್ತಾನೆ.
ಸಿಗ್ನಲ್ ಸಿಕ್ಕಾಗ ಒಂದೇ ಮಾತು:
"ಅಕ್ಕಾ, ಕಾರ್ಡು ಸಿಕ್ತಾ?"

ಯೂನಿಯನ್ ಕಾರ್ಡು. ಟ್ರಂಕಿನ ತಳದಲ್ಲಿತ್ತು,
ಅಪ್ಪನ ಗಿರಣಿ ಸಂಘದ ಚೀಟಿಯ ಮೈಗೆ ಅಂಟಿಕೊಂಡು.
ಬಿಡಿಸುವಾಗ ಅಪ್ಪನದರ ಅಂಚು ಹರಿಯಿತು.

ಮಂಗಳೂರಿನಿಂದ ಯೂನಿಯನ್ನಿನ ಐರಿನ್ ಬಾಯಿ ಫೋನು ಮಾಡುತ್ತಾಳೆ.
ಸಮಾಧಾನದ ಮಾತು ಅವಳಿಗೆ ಬರುವುದಿಲ್ಲ, ಕೇಳುವುದೆಲ್ಲ ಕಾಗದ:
ಕರಾರಿನ ಪ್ರತಿ, ಕೊನೆಯ ಸಂಬಳದ ಚೀಟಿ, ಹಡಗು ಹತ್ತಿದ ತಾರೀಖು.
"ಅಳುವುದು ಮತ್ತೆ ಮಾಡುವ. ಮೊದಲು ಜೆರಾಕ್ಸ್ ಮಾಡಿಸಿ."
ರೈಲ್ವೆ ಗೇಟಿನ ಬಳಿ ಜೆರಾಕ್ಸ್ ಅಂಗಡಿಯ ಮುಬೀನ
ಮೂವತ್ತೆರಡು ಹಾಳೆಗೆ ಹದಿನೈದರ ದುಡ್ಡು ತಗೊಂಡ.

ಹನ್ನೊಂದು ಗಂಟೆಗೆ ಬಂದರು ಮುದುಕರು,
ಮುಚ್ಚಿದ ಗಿರಣಿಯ ಕೊನೆಯ ಪಾಳಿಯವರು, ಏಳು ಜನ.
ಸ್ಪಿನ್ನಿಂಗಿನ ಬಕ್ಕಪ್ಪ, ಜಾಬರ್ ಖಾದರ್‌ಸಾಬ್,
ಕೆಮ್ಮುವ ಮೊದಲೇ ಎದೆ ಹಿಡಿದುಕೊಳ್ಳುವ ಕರಿಬಸಪ್ಪ.
ಯಾರು ಕರೆದರೋ. ನಾನಲ್ಲ.
ಕಡಲನ್ನು ಅವರಲ್ಲಿ ಒಬ್ಬರೂ ಕಂಡವರಲ್ಲ.
ಖಾದರ್‌ಸಾಬ್ ರಟ್ಟು ಓದಿ ಕನ್ನಡಕ ಮಡಚಿದ:
"ಇದಕ್ಕೆ ಹೊಸ ಘೋಷಣೆ ಯಾಕ ಬೇಕವ್ವಾ?
ಗಿರಣಿ ತೆಗೆದು ಹಡಗು ಹಾಕ್ರಿ.
ಮೂರಕ್ಷರಕ್ಕೆ ಮೂರಕ್ಷರ, ಕುಂದ್ರತೈತಿ."

ಕೂತಿತು.
ಹಡಗು ಕಾರ್ಮಿಕರ ಬೆವರಿಗೆ ಎಂದು ಬಕ್ಕಪ್ಪ ಎತ್ತಿದರೆ
ಬೆಲೆ ಕೊಡಿ, ಬೆಲೆ ಕೊಡಿ ಎಂದದ್ದಕ್ಕೆ ಮರದ ಕಾಗೆಗಳೆದ್ದವು.
ಎರಡು ಸಲ ಹಳೇ ರೂಢಿಗೆ ಗಿರಣಿ ಎಂದೇ ಬಂತು ಬಾಯಿಗೆ.
ಯಾರೂ ತಿದ್ದಲಿಲ್ಲ.

ಐರಿನ್ ಬಾಯಿಗೆ ಫೋಟೋ ಕಳಿಸಿದೆ. ಅವಳು
ಆ ರೇವಿನ ಸಂಘಕ್ಕೆ, ಅಲ್ಲಿಯವರು ಹಡಗಿಗೆ.
ಮೂರನೆಯ ದಿನ ಹಾಲೇಶಿ: "ಅಕ್ಕಾ, ಟವಲ್ಲಿನವರು ಯಾರು?
ಫಿಲಿಪ್ಪೀನ್ಸಿನ ಅಡುಗೆಯವನು ದಿನಾ ಅವರನ್ನ ಎಣಿಸ್ತಾನೆ."

ಕೋರ್ಟಿನ ಕಾಗದ ಹಡಗಿನ ಗಾಜಿಗೆ ಅಂಟಿಸಿದರಂತೆ.
ಕಂತು ಕಟ್ಟದ ಟ್ರ್ಯಾಕ್ಟರಿನ ಹಾಗೆ
ಹಡಗನ್ನೂ ಜಪ್ತಿ ಮಾಡುತ್ತಾರೆ ಎಂದು ಆಗ ತಿಳಿಯಿತು.
ಒಂಬತ್ತರಲ್ಲಿ ನಾಲ್ಕು ತಿಂಗಳ ಸಂಬಳ ಬಂತು,
ವಿಮಾನದ ಟಿಕೇಟು ಬಂತು. ಉಳಿದದ್ದಕ್ಕೆ
ಐರಿನ್ ಬಾಯಿ ಇನ್ನೂ ಕಾಗದ ಕೇಳುತ್ತಾಳೆ.

ಬಂದವನು ಮೊದಲು ಸ್ನಾನಕ್ಕೆ ಹೋದ, ಎರಡು ಹಂಡೆ ನೀರು.
ನಾನು ಬೈಯಲಿಲ್ಲ.
ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಖಾದರ್‌ಸಾಬರ ಮನೆಗೆ.
ಮುದುಕ ಮೆಣಸಿನಕಾಯಿಯ ತೊಟ್ಟು ಬದಿಗಿಟ್ಟ:
"ನಾಲ್ಕು ತಿಂಗಳದು ಬಂತಾ? ಛಲೋ ಆತು ಬಿಡು.
ನಮ್ಮ ಗ್ರ್ಯಾಚುಟಿಗೆ ಮೂವತ್ತೊಂದು ವರ್ಷ ಆತು ನೋಡು."

ಹಾಲೇಶಿ ಕಿಸೆಯಿಂದ ಪೆನ್ನು ತೆಗೆದ.
"ಕರಾರಿನ ಪ್ರತಿ ಐತಾ?" ಅಂದ. "ಕೊನೇ ಸಂಬಳದ ಚೀಟಿ?"

ಖಾದರ್‌ಸಾಬ್ ನಗುತ್ತಲೇ ಎದ್ದ.
ಒಳಗೆ ಟ್ರಂಕು ಎಳೆದ ಸದ್ದು.